ಮುಂದಿನ ಆಕ್ಸಲ್‌ನ ಲೆಕ್ಕ: ಹಿಮ ತಳ್ಳಲು ಕೊಂಡ ಹೊಸ ಪಿಕಪ್

ಜುಲೈ

ಹಳೆಯ ಪಿಕಪ್ ಈ ವರ್ಷದ ತಪಾಸಣೆಯಲ್ಲಿ ನಪಾಸಾಯಿತು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಗೇರ್‌ಬಾಕ್ಸಿನಲ್ಲೂ ತಕರಾರು ಇರಲಿಲ್ಲ. ಸೋತದ್ದು ಚಾಸಿ, ಅಂದರೆ ಇಡೀ ವಾಹನ ಕೂರುವ ಉಕ್ಕಿನ ಚೌಕಟ್ಟು. ಹಿಂದಿನ ಪಟ್ಟಿ ಸ್ಪ್ರಿಂಗಿನ ಕೊಂಡಿ ಕೂರುವ ಜಾಗದಲ್ಲಿ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದಾಗ ಅದು ಕಬ್ಬಿಣದೊಳಕ್ಕೆ ಇಳಿದುಹೋಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ಪ್ರತಿವರ್ಷ ತಪಾಸಣೆ ಕಡ್ಡಾಯ. ಚಾಸಿ ತೂತಾದ ವಾಹನಕ್ಕೆ ಗಾಜಿನ ಮೇಲಿನ ಚೀಟಿ ಸಿಗುವುದಿಲ್ಲ, ಸಿಗಲೂಬಾರದು.

ಊರು ಸಿರಾಕ್ಯೂಸ್. ವರ್ಷಕ್ಕೆ ಸರಾಸರಿ 120 ಇಂಚು, ಅಂದರೆ ಮೂರು ಮೀಟರಿನಷ್ಟು ಹಿಮ ಬೀಳುವ ನಗರ. ವಾಯವ್ಯದಿಂದ ಬರುವ ಒಣ ಚಳಿಗಾಳಿ ಒಂಟಾರಿಯೊ ಸರೋವರದ ಮೇಲೆ ಹಾಯುವಾಗ ನೀರಿನ ಬಿಸಿಯನ್ನೂ ತೇವವನ್ನೂ ಹೀರಿಕೊಂಡು, ದಡ ಮುಟ್ಟಿದ ಮೇಲೆ ಸಪೂರ ಪಟ್ಟಿಗಳಾಗಿ ಹಿಮ ಸುರಿಸುತ್ತದೆ. ಸರೋವರದ ಗರಿಷ್ಠ ಆಳ 244 ಮೀಟರ್. ಆದ್ದರಿಂದ ಅದು ಚಳಿಗಾಲವಿಡೀ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ, ಹಿಮದ ಕಾರ್ಖಾನೆಗೆ ರಜೆಯೂ ಅಪರೂಪ. ಒಂದು ಬಡಾವಣೆಯಲ್ಲಿ ಮೊಣಕಾಲು ಮುಳುಗುವಷ್ಟು ಬಿದ್ದಿರುವಾಗ ಹತ್ತು ಮೈಲಿ ಆಚೆ ಬಿಸಿಲು ಕಾಯುತ್ತಿರುತ್ತದೆ. ಹಿಮ ಬಿದ್ದರೆ ರಸ್ತೆಗೆ ಉಪ್ಪು. ಸಿರಾಕ್ಯೂಸಿಗೆ ಉಪ್ಪಿನ ನಗರವೆಂಬ ಹೆಸರೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಒನೊಂಡಾಗ ಸರೋವರದ ದಡದ ಉಪ್ಪುನೀರಿನ ಬುಗ್ಗೆಗಳಿಂದ ಉಪ್ಪು ತೆಗೆದು ದೇಶಕ್ಕೆಲ್ಲ ಮಾರಿದ ಊರು ಇದು. ಇಂದಿಗೂ ಹತ್ತಿರದ ಕಯೂಗಾ ಸರೋವರದ ತಳದಡಿಯ ಗಣಿಯಿಂದ ಕಲ್ಲುಪ್ಪು ಬರುತ್ತದೆ. ನಮ್ಮ ಚಾಸಿಯನ್ನು ತಿಂದದ್ದು ಅದೇ.

ವ್ಯವಹಾರ ನನ್ನದಲ್ಲ, ಅಕ್ಕನ ಗಂಡನದು. ಭಾವ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತಾರೆ, ಚಳಿಗಾಲದಲ್ಲಿ ಹಿಮ ತಳ್ಳುತ್ತಾರೆ: ಮನೆಗಳ ಮುಂದಿನ ಓಣಿಗಳು, ಒಂದು ದಂತವೈದ್ಯರ ಚಿಕಿತ್ಸಾಲಯ, ಒಂದು ಸಣ್ಣ ಅಂಗಡಿ ಸಾಲಿನ ಪಾರ್ಕಿಂಗ್ ಜಾಗ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಪಾನಾ ಹಿಡಿಯುವ ಕೆಲಸವೂ ಲೆಕ್ಕ ಹಾಕುವ ಕೆಲಸವೂ ನನ್ನ ಪಾಲಿಗೆ. ಇದನ್ನು ಓದಿ ಹುರುಪುಗೊಳ್ಳುವ ಎಚ್-1ಬಿ ವೀಸಾದ ಸ್ನೇಹಿತರಿಗೆ ಒಂದು ಮಾತು: ಆ ವೀಸಾದಲ್ಲಿ ಇರುವಾಗ ಇಂತಹ ಉಪಕಸುಬು ಮಾಡಿ ಹಣ ಪಡೆಯುವಂತಿಲ್ಲ. ನಿಮ್ಮ ಮನೆಯ ಮುಂದಿನ ಹಿಮವನ್ನು ಎಷ್ಟು ಬೇಕಾದರೂ ತಳ್ಳಿಕೊಳ್ಳಿ.

ಆಗಸ್ಟ್

ಪಿಕಪ್ ಕೊಳ್ಳುವಾಗ ಎಲ್ಲರೂ ನೋಡುವುದು ಕುದುರೆಶಕ್ತಿ. ಹಿಮದ ಕೆಲಸಕ್ಕೆ ಅದು ಕೊನೆಯಲ್ಲಿ ನೋಡಬೇಕಾದ ಸಂಖ್ಯೆ. ಮೊದಲು ನೋಡಬೇಕಾದದ್ದು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಸ್ಟಿಕ್ಕರ್. ಅಲ್ಲಿ ಮೂರು ತೂಕಗಳಿರುತ್ತವೆ: ಇಡೀ ವಾಹನ ತುಂಬಿದಾಗ ಇರಬಹುದಾದ ಗರಿಷ್ಠ ತೂಕ, ಮುಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಹೊರಬಹುದಾದದ್ದು, ಹಿಂದಿನ ಆಕ್ಸಲ್ ಹೊರಬಹುದಾದದ್ದು. ಜಾಹೀರಾತುಗಳು ಕೂಗುವುದು ಎಳೆಯುವ ಸಾಮರ್ಥ್ಯವನ್ನು, ಅದು ವಾಹನದ ಹಿಂಭಾಗದ ಮಾತು. ಪ್ಲೌ, ಅಂದರೆ ಹಿಮ ತಳ್ಳುವ ಬ್ಲೇಡ್, ಕೂರುವುದು ಮುಂದೆ, ಅದೂ ಮುಂದಿನ ಚಕ್ರಗಳಿಂದ ಒಂದು ಮಾರು ಆಚೆ.

ಇಲ್ಲಿ ಸನ್ನೆಗೋಲಿನ ಲೆಕ್ಕ ಬರುತ್ತದೆ. ಚಕ್ರಗಳ ನಡುವಿನ ಅಂತರ 142 ಇಂಚು ಎಂದುಕೊಳ್ಳಿ. ಉದ್ದ ತೊಟ್ಟಿಯ, ಒಂದೇ ಸಾಲು ಸೀಟಿನ ಪಿಕಪ್‌ಗಳಲ್ಲಿ ಅಷ್ಟಿರುತ್ತದೆ. 950 ಪೌಂಡಿನ ಪ್ಲೌ ಮುಂದಿನ ಆಕ್ಸಲ್‌ನಿಂದ ನಾಲ್ಕು ಅಡಿ ಮುಂದೆ ತೂಗಿದರೆ ಆಕ್ಸಲ್‌ನ ಮೇಲೆ ಬೀಳುವುದು 950 ಅಲ್ಲ, ಸುಮಾರು 1,270. ಮಿಕ್ಕ 320 ಪೌಂಡು ಎಲ್ಲಿಂದ ಬಂತೆಂದರೆ, ಹಿಂದಿನ ಆಕ್ಸಲ್‌ನಿಂದ ಎತ್ತಿಕೊಂಡು ಬಂತು. ಅಂದರೆ ಮುಂಭಾಗಕ್ಕೆ ಭಾರ, ಹಿಂಭಾಗಕ್ಕೆ ಹಗುರ, ಎರಡೂ ಒಟ್ಟಿಗೆ. ಹಿಮದ ಮೇಲೆ ಹಿಂದಿನ ಚಕ್ರಗಳು ತಿರುಗಿದಲ್ಲೇ ತಿರುಗುವುದು, ಬ್ರೇಕ್ ಒತ್ತಿದಾಗ ಬಾಲ ಪಕ್ಕಕ್ಕೆ ಜಾರುವುದು ಇದರಿಂದಲೇ.

ಈ ಲೆಕ್ಕವನ್ನು ಕೈಯಲ್ಲಿ ಇಟ್ಟುಕೊಂಡು ಮೂರು ಕಂಪನಿಗಳ ಮುಕ್ಕಾಲು ಟನ್ ಎಂದು ಕರೆಯುವ ಪಿಕಪ್‌ಗಳನ್ನು ನೋಡಿದೆವು: ಫೋರ್ಡ್ ಎಫ್-250, ರಾಮ್ 2500, ಷೆವ್ರೊಲೆ ಸಿಲ್ವರಾಡೊ 2500 ಎಚ್‌ಡಿ. ಫೋರ್ಡ್ ಮತ್ತು ರಾಮ್‌ಗಳ ಮುಂಭಾಗದಲ್ಲಿ ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಸುರುಳಿ ಸ್ಪ್ರಿಂಗ್. ಷೆವ್ರೊಲೆಯಲ್ಲಿ ಪ್ರತಿ ಚಕ್ರವೂ ಸ್ವತಂತ್ರ, ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಸರಳು. ಓಡಿಸಲು ಷೆವ್ರೊಲೆ ಹಾಯಾಗಿದೆ. ಪ್ಲೌ ಸಿಕ್ಕಿಸಿದಾಗ ಮೂತಿ ಕುಸಿದರೆ ಆ ಸರಳುಗಳ ಬೋಲ್ಟ್ ತಿರುಗಿಸಿ ಎತ್ತರಿಸುವ ಸೌಲಭ್ಯವೂ ಇದೆ. ಆದರೂ ವರ್ಷಗಟ್ಟಲೆ ಚರಂಡಿ ಕಲ್ಲಿಗೆ ಗುದ್ದುವ ವಾಹನಕ್ಕೆ ಕೀಲುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದು ನನ್ನ ಪಕ್ಷಪಾತ. ಭಾವನಿಗೆ ಈ ಜಗಳದಲ್ಲಿ ಆಸಕ್ತಿ ಇರಲಿಲ್ಲ. ಅವರ ಹಳೆಯದು ಫೋರ್ಡ್ ಆಗಿತ್ತು, ಹೊಸದೂ ಫೋರ್ಡ್ ಆಗಬೇಕಿತ್ತು. ನಾನು ಕೊಟ್ಟ ಕಾರಣಗಳು ಅವರ ತೀರ್ಮಾನಕ್ಕೆ ಹೊದಿಸಿದ ಶಾಲು.

ಆಗಸ್ಟ್ ಕೊನೆ

ಮಾರಾಟ ಮಳಿಗೆಯವರು ಅಂಗಳದಲ್ಲಿ ನಿಂತಿದ್ದ ವಾಹನಗಳನ್ನು ತೋರಿಸಿದರು. ನಾಲ್ಕು ಬಾಗಿಲು, ಚರ್ಮದ ಸೀಟು, ಕನ್ನಡಿಯಂತೆ ಹೊಳೆಯುವ ಬಂಪರ್, ಡೀಸೆಲ್ ಎಂಜಿನ್. ಅಂಗಳದಲ್ಲಿ ಇರುವುದನ್ನು ಸಾಗಹಾಕುವುದು ಅವರ ಕೆಲಸ, ತಪ್ಪಿಲ್ಲ. ಆದರೆ ಅವುಗಳಲ್ಲಿ ಒಂದಕ್ಕೂ ಪ್ಲೌ ಸಿದ್ಧತೆಯ ಪ್ಯಾಕೇಜ್, ಅಂದರೆ ಕಾರ್ಖಾನೆಯೇ ಮುಂದೆ ಹಾಕಿಕೊಡುವ ಗಟ್ಟಿ ಸ್ಪ್ರಿಂಗ್, ಇರಲಿಲ್ಲ. "ಸ್ಪ್ರಿಂಗ್ ತಾನೇ, ಆಮೇಲೆ ಹಾಕಿಸಿಕೊಂಡರಾಯಿತು" ಎಂದರು. ಹಾಕಿಸಿಕೊಳ್ಳಬಹುದು. ಮುಂದಿನ ಆಕ್ಸಲ್‌ಗೆ ರಬ್ಬರಿನ ಆಸರೆ ಉಂಡೆಗಳು ಸಿಗುತ್ತವೆ, ದಪ್ಪ ಸ್ಪ್ರಿಂಗ್‌ಗಳೂ ಸಿಗುತ್ತವೆ, ಮೂತಿ ಕುಸಿಯುವುದು ನಿಲ್ಲುತ್ತದೆ. ಬಾಗಿಲಿನ ಸ್ಟಿಕ್ಕರ್ ಮಾತ್ರ ಬದಲಾಗುವುದಿಲ್ಲ. ಅಪಘಾತವಾದ ಮೇಲೆ ವಿಮೆಯವರು ಓದುವುದು ಸ್ಟಿಕ್ಕರನ್ನೇ ಹೊರತು ನಮ್ಮ ಸ್ಪ್ರಿಂಗಿನ ರಸೀದಿಯನ್ನಲ್ಲ. ಆದ್ದರಿಂದ ಕಾರ್ಖಾನೆಗೇ ಹೇಳಿ ಮಾಡಿಸುವುದೆಂದು ನಿಶ್ಚಯಿಸಿದೆವು.

ಡೀಸೆಲ್ ಬಗ್ಗೆ ಭಾವನಿಗೆ ಮೋಹವಿತ್ತು. ಫೋರ್ಡಿನ 6.7 ಲೀಟರ್ ಡೀಸೆಲ್ಲಿನ ತಿರುಚು ಬಲ ಸಾವಿರ ಪೌಂಡ್-ಅಡಿ ದಾಟುತ್ತದೆ, ಪೆಟ್ರೋಲ್ ಎಂಜಿನ್ನಿನ ಎರಡು ಪಟ್ಟಿಗೂ ಹೆಚ್ಚು. ಬೆಟ್ಟದ ಮೇಲೆ ಕುದುರೆ ಸಾಗಿಸುವ ಟ್ರೇಲರ್ ಎಳೆಯಬೇಕಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಹಿಮ ತಳ್ಳುವವನು ಗಂಟೆಗೆ ಹತ್ತು ಮೈಲಿ ಮೀರುವುದಿಲ್ಲ. ಮುಂದೆ, ಹಿಂದೆ, ಮುಂದೆ, ಹಿಂದೆ, ನಡುವೆ ಎಂಜಿನ್ ಸುಮ್ಮನೆ ಉರಿಯುತ್ತ ನಿಂತಿರುತ್ತದೆ. ಡೀಸೆಲ್ ಹೊಗೆಯ ಮಸಿ ಹಿಡಿಯುವ ಶೋಧಕ ಸ್ವಚ್ಛವಾಗಬೇಕಾದರೆ ಹೆದ್ದಾರಿಯಲ್ಲಿ ಬಿಸಿಯೇರಿ ಓಡಬೇಕು, ಈ ಕೆಲಸದಲ್ಲಿ ಆ ಓಟವಿಲ್ಲ. ಡೀಸೆಲ್ ಜೊತೆಗೆ ತುಂಬಬೇಕಾದ ಯೂರಿಯಾ ದ್ರವ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಅದರ ತೊಟ್ಟಿಗೆ ಬಿಸಿ ಮಾಡುವ ಸುರುಳಿ ಇದೆಯೆನ್ನಿ. ಬೆಲೆ ಸುಮಾರು ಹತ್ತು ಸಾವಿರ ಡಾಲರ್ ಹೆಚ್ಚು. ಇವೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಬೇರೆ: ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ನಾನೂರು ಪೌಂಡಿಗೂ ಹೆಚ್ಚು ಭಾರ, ಆ ಭಾರ ಕೂರುವುದು ಮುಂದಿನ ಆಕ್ಸಲ್‌ನ ನೆತ್ತಿಯ ಮೇಲೆ.

"ಭಾವ, ಆ ನಾನೂರು ಪೌಂಡನ್ನು ಎಂಜಿನ್ನಿಗೆ ಕೊಡುತ್ತೀರೋ, ಬ್ಲೇಡಿಗೆ ಕೊಡುತ್ತೀರೋ?" ಎಂದು ಕೇಳಿದೆ.

"ಬ್ಲೇಡಿಗೆ ಕೊಟ್ಟರೆ ನಡುವೆ ಮಡಚುವ ವಿ ಪ್ಲೌ ಬರುತ್ತದೆಯೇನು?"

"ಬರುತ್ತದೆ."

"ಹಾಗಾದರೆ ಡೀಸೆಲ್ ಬಿಡು. ನಿನ್ನ ಅಕ್ಕನಿಗೂ ಅದರ ವಾಸನೆ ಆಗುವುದಿಲ್ಲ."

ಹೀಗೆ 7.3 ಲೀಟರ್ ಪೆಟ್ರೋಲ್ ವಿ-8 ಆಯಿತು. 2020ರ ಮಾದರಿಯಿಂದ ಬಂದ ಎಂಜಿನ್. ಎರಕದ ಕಬ್ಬಿಣದ ಬ್ಲಾಕ್, ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್, ಅವನ್ನು ತೆರೆಯಲು ಹಳೆಯ ಕಾಲದ ಪುಶ್‌ರಾಡ್ ಎಂಬ ಕಡ್ಡಿಗಳು. 430 ಕುದುರೆಶಕ್ತಿ. ಇದರ ತಮ್ಮ 6.8 ಲೀಟರಿನದು 405, ಅದೂ ಸಾಕಾಗುತ್ತಿತ್ತು.

ಆರ್ಡರ್ ಮಾಡಿದ ಪಟ್ಟಿ ಹೀಗಿತ್ತು. ಅತಿ ಸಾದಾ ಎಕ್ಸ್‌ಎಲ್ ಮಾದರಿ. ಒಂದೇ ಸಾಲು ಸೀಟು, ಎಂಟು ಅಡಿ ತೊಟ್ಟಿ. ಗಿಡ್ಡ ವಾಹನ ಓಣಿಗಳಲ್ಲಿ ತಿರುಗಲು ಸುಲಭ, ಹಿಂದಿನ ಸೀಟಿನ ತೂಕವೂ ಇಲ್ಲ. ನಾಲ್ಕು ಚಕ್ರದ ಚಾಲನೆ. 3.73 ಆಕ್ಸಲ್ ಅನುಪಾತ, ಅಂದರೆ ಚಕ್ರ ಒಮ್ಮೆ ತಿರುಗಲು ಚಾಲನೆಯ ದಂಡ 3.73 ಸುತ್ತು. ಹತ್ತು ಗೇರ್ ಇರುವಾಗ ಅದಕ್ಕಿಂತ ಗಿಡ್ಡ ಗೇರ್ ಬೇಕಿಲ್ಲ. ಹಿಂದಿನ ಎರಡು ಚಕ್ರಗಳನ್ನೂ ಒಟ್ಟಿಗೆ ಬಿಗಿಯುವ ವಿದ್ಯುತ್ ಲಾಕ್. ಪ್ಲೌ ಸಿದ್ಧತೆಯ ಪ್ಯಾಕೇಜ್, ಅಂದರೆ ಮುಂದೆ ಗಟ್ಟಿ ಸ್ಪ್ರಿಂಗ್. ದೊಡ್ಡ ಆಲ್ಟರ್ನೇಟರ್, ಎರಡನೇ ಬ್ಯಾಟರಿ. ತಲೆಯ ಮೇಲಿನ ಫಲಕದಲ್ಲಿ ಆರು ಹೆಚ್ಚುವರಿ ಸ್ವಿಚ್‌ಗಳು. ಹಳದಿ ದೀಪ, ಹಿಂದಿನ ಕೆಲಸದ ದೀಪ ಇತ್ಯಾದಿಗೆ ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆಯುವ ಪಾಡು ತಪ್ಪುತ್ತದೆ. ನೆಲಕ್ಕೆ ರತ್ನಗಂಬಳಿಯ ಬದಲು ರಬ್ಬರ್. ಹೆಡ್‌ಲೈಟ್ ಬೇಕೆಂದೇ ಸಾದಾ ಹ್ಯಾಲೊಜನ್. ಹಿಮ ಎಲ್‌ಇಡಿ ದೀಪದ ಮೇಲೆ ಅಂಟಿಕೊಂಡರೆ ಕರಗುವುದಿಲ್ಲ, ಹ್ಯಾಲೊಜನ್ನಿನ ಬಿಸಿಗೆ ಕರಗುತ್ತದೆ. ಬಂಪರಿನ ಮುಂದೆ ಪಾರ್ಕಿಂಗ್ ಸಂವೇದಕ ಬೇಡವೆಂದೆವು. ಬ್ಲೇಡನ್ನೇ ಗೋಡೆಯೆಂದು ತಿಳಿದು ರಾತ್ರಿಯಿಡೀ ಕೂಗುವ ಯಂತ್ರದ ಜೊತೆ ಕೆಲಸ ಮಾಡುವುದು ಕಷ್ಟ.

ಒಟ್ಟು ತೂಕದ ಮಿತಿಯನ್ನು 10,000 ಪೌಂಡಿಗೇ ನಿಲ್ಲಿಸಿಕೊಂಡೆವು. ಅಲ್ಲಿಂದ ಒಂದು ಪೌಂಡ್ ಮೀರಿದರೂ ವ್ಯಾಪಾರಿ ವಾಹನಕ್ಕೆ ಕೇಂದ್ರ ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ, ಅದರ ಬೆನ್ನಿಗೆ ಕಡತಗಳ ಕಾಟ. ಎಷ್ಟೋ ಎಫ್-250ಗಳ ಮಿತಿ ಅಲ್ಲಿಗೇ ಬಂದು ನಿಲ್ಲುವುದು ಕಾಕತಾಳೀಯವಲ್ಲ. ಇನ್ನೊಂದು ಗಡಿ 6,000 ಪೌಂಡಿನದು: ಅದಕ್ಕಿಂತ ಹೆಚ್ಚಿನ ಮಿತಿಯ, ಆರು ಅಡಿಗಿಂತ ಉದ್ದ ತೊಟ್ಟಿಯ ಪಿಕಪ್ ವ್ಯವಹಾರಕ್ಕೆ ಬಳಕೆಯಾದರೆ ತೆರಿಗೆ ಕಾನೂನಿನ ಸೆಕ್ಷನ್ 179ರ ಅಡಿ ಪೂರ್ತಿ ಬೆಲೆಯನ್ನು ಕೊಂಡ ವರ್ಷವೇ ಖರ್ಚೆಂದು ತೋರಿಸಬಹುದು. ನಿಮ್ಮ ಲೆಕ್ಕಿಗರನ್ನು ಕೇಳಿ ಮುಂದುವರಿಯಿರಿ. ಪಿಕಪ್‌ಗೆ ಐವತ್ತು ಸಾವಿರ ಡಾಲರಿನ ಆಸುಪಾಸು, ಪ್ಲೌಗೆ ಹತ್ತು ಸಾವಿರದ ಆಸುಪಾಸು ಆಗುವಾಗ ಈ ವಿನಾಯಿತಿ ಸಣ್ಣದಲ್ಲ.

ಸೆಪ್ಟೆಂಬರ್: ಬ್ಲೇಡಿನ ಆಯ್ಕೆ

ನೇರ ಬ್ಲೇಡ್ ಅಗ್ಗ, ಹಗುರ, ಕೆಡುವ ಭಾಗಗಳೂ ಕಡಿಮೆ. ಎಂಟಡಿಯದು 800 ಪೌಂಡಿನ ಸುತ್ತಮುತ್ತ ತೂಗುತ್ತದೆ. ಆರಿಂಚು ಹಿಮವಿರುವ ಊರಿಗೆ ಅದೇ ಸರಿ. ವಿ ಬ್ಲೇಡ್ ನಡುವೆ ಮಡಚಿಕೊಳ್ಳುವ ಎರಡು ರೆಕ್ಕೆಗಳದ್ದು. ಮೂತಿ ಚೂಪು ಮಾಡಿದರೆ ಎರಡಡಿ ಹಿಮವನ್ನು ಸೀಳಿಕೊಂಡು ಹೋಗುತ್ತದೆ, ರೆಕ್ಕೆಗಳನ್ನು ಮುಂದಕ್ಕೆ ಬಾಗಿಸಿದರೆ ಮೊರದಂತೆ ಹಿಮವನ್ನು ತುಂಬಿಕೊಂಡು ಚೆಲ್ಲದೆ ಸಾಗಿಸುತ್ತದೆ. ಸರೋವರದ ಪಟ್ಟಿಯಡಿ ಸಿಕ್ಕಿದ ರಾತ್ರಿ ನೇರ ಬ್ಲೇಡ್ ಅರ್ಧ ಓಣಿಯಲ್ಲೇ ಎದುರಿನ ರಾಶಿಗೆ ಸೋತು ನಿಲ್ಲುತ್ತದೆ.

ಹಿಮ ಹಗುರವೆಂಬುದು ಸಿನಿಮಾ ನೋಡಿದವರ ನಂಬಿಕೆ. ಹತ್ತಿಂಚು ಹಿಮ ಕರಗಿದರೆ ಒಂದಿಂಚು ನೀರು ಎಂಬ ಸಾಮಾನ್ಯ ಅಳತೆ ಹಿಡಿದರೆ, 10,000 ಚದರ ಅಡಿಯ ಪಾರ್ಕಿಂಗ್ ಜಾಗದಲ್ಲಿ ಒಂದಡಿ ಹಿಮ ಬಿದ್ದಾಗ ತಳ್ಳಬೇಕಾದ ತೂಕ 28 ಟನ್. ಸರೋವರದ ಒಣ ಹಿಮ ಇದರ ಅರ್ಧವೂ ಇರಬಹುದು, ಮಾರ್ಚ್ ತಿಂಗಳ ಒದ್ದೆ ಹಿಮ ಇದನ್ನು ಮೀರಿಸುತ್ತದೆ.

ಇಲ್ಲಿ ಸಿಗುವ ಪ್ಲೌಗಳಲ್ಲಿ ಫಿಷರ್, ವೆಸ್ಟರ್ನ್, ಸ್ನೋಎಕ್ಸ್ ಮೂರೂ ಮಿಲ್ವಾಕಿಯ ಡಗ್ಲಸ್ ಡೈನಮಿಕ್ಸ್ ಎಂಬ ಒಂದೇ ಮನೆಯ ಮಕ್ಕಳು. ಮಿಷಿಗನ್ನಿನ ಬಾಸ್ ಕಂಪನಿ 2014ರಿಂದ ಟೋರೊ ಒಡೆತನದಲ್ಲಿದೆ. ಕ್ಲೀವ್‌ಲ್ಯಾಂಡಿನ ಮೈಯರ್ ಕಂಪನಿ ಬೇರೆ. ಗುಣದಲ್ಲಿ ಅಜಗಜಾಂತರವಿಲ್ಲ. ನಿಜವಾದ ಪ್ರಶ್ನೆ, ಜನವರಿಯ ನಡುರಾತ್ರಿ ಪೈಪು ಒಡೆದರೆ ಯಾರ ಬಿಡಿಭಾಗ ನಿಮ್ಮ ಊರಿನಲ್ಲಿ ಸಿಗುತ್ತದೆ ಎಂಬುದು. ನಮ್ಮ ಹತ್ತಿರದ ಅಂಗಡಿಯಲ್ಲಿ ಫಿಷರ್ ಭಾಗಗಳಿದ್ದವು. ಎಂಟೂವರೆ ಅಡಿಯ ಎಕ್ಸ್‌ವಿ2 ಎಂಬ ವಿ ಬ್ಲೇಡ್ ತೆಗೆದುಕೊಂಡೆವು, ಹಳದಿ ಬಣ್ಣದ ಉಕ್ಕಿನದು. ಇದರಲ್ಲಿ ಕಲ್ಲು ತಗುಲಿದಾಗ ಇಡೀ ಬ್ಲೇಡ್ ಮುಗ್ಗರಿಸುವುದಿಲ್ಲ, ಕೆಳಗಿನ ಅಂಚು ಮಾತ್ರ ಹಿಂದಕ್ಕೆ ಮಡಚಿ ಸ್ಪ್ರಿಂಗಿನ ಬಲದಿಂದ ಮರಳುತ್ತದೆ. ತುಂಬಿಕೊಂಡ ಹಿಮ ಚೆಲ್ಲಿಹೋಗುವುದಿಲ್ಲ. ಮಾರುವ ಮುನ್ನ ಅವರು ವಾಹನದ ಮಾದರಿ, ಎಂಜಿನ್, ಸ್ಟಿಕ್ಕರಿನ ತೂಕಗಳನ್ನು ಗಣಕಯಂತ್ರಕ್ಕೆ ಹಾಕಿ, ಈ ಬ್ಲೇಡ್ ಈ ವಾಹನಕ್ಕೆ ಸಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಸಲ್ಲುತ್ತದೆ ಎಂದು ಬಂತು. ಹಿಂದೆ ಇಂತಿಷ್ಟು ತೂಕ ಹೇರಬೇಕು ಎಂಬ ಷರತ್ತೂ ಜೊತೆಗೆ ಬಂತು.

ಅಕ್ಟೋಬರ್: ಜೋಡಣೆ

ಪಿಕಪ್ ಬಂತು. ಬಿಳಿ ಬಣ್ಣ, ಒಳಗೆ ರಬ್ಬರಿನ ವಾಸನೆ. ಪ್ಲೌ ಜೋಡಣೆಯನ್ನು ಅಂಗಡಿಯವರಿಂದಲೇ ಮಾಡಿಸುವುದು ಹೆಚ್ಚಿನವರ ರೂಢಿ. ನಮಗೆ ಗೊತ್ತಿರುವ ಅಂಗಡಿಯವರು ತಮ್ಮ ಲಿಫ್ಟಿನ ಕೆಳಗೆ ನನ್ನನ್ನೂ ಸೇರಿಸಿಕೊಂಡರು. ಕೊನೆಯ ಪರೀಕ್ಷೆ ಅವರದು, ವಾರಂಟಿ ಉಳಿಯುವುದೂ ಹಾಗೆಯೇ.

ಮೊದಲು ತುಕ್ಕಿನ ಮದ್ದು, ಆಮೇಲೆ ಕಬ್ಬಿಣದ ಕೆಲಸ. ಈ ಕ್ರಮ ಮುಖ್ಯ, ಏಕೆಂದರೆ ಪ್ಲೌವನ್ನು ಚಾಸಿಗೆ ಸಿಕ್ಕಿಸುವ ಹಿಡಿಕೆಯ ತಗಡುಗಳು ಕೂತ ಮೇಲೆ ಅವುಗಳ ಹಿಂದಿನ ಚಾಸಿಗೆ ಕೈ ಎಟುಕುವುದಿಲ್ಲ. 2017ರಿಂದ ಈ ಪಿಕಪ್‌ಗಳ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದು ಕೆಂಪು ತುಕ್ಕು ಹಿಡಿಯುವುದಿಲ್ಲ. ಚಾಸಿ ಮಾತ್ರ ಉಕ್ಕಿನದೇ. ಮೇಲಿನ ಮೈ ಹೊಸದರಂತೆ ಹೊಳೆಯುತ್ತಿರುವಾಗ ಕೆಳಗೆ ಚಾಸಿ ಸದ್ದಿಲ್ಲದೆ ಸವೆಯುತ್ತದೆ. ಒಣಗಿ ಗಟ್ಟಿಯಾಗುವ ರಬ್ಬರ್ ಬಣ್ಣ ನನಗೆ ಬೇಡ. ಅದು ಎಲ್ಲೋ ಒಂದು ಕಡೆ ಸೀಳುಬಿಟ್ಟು, ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಹೊರಗೆ ಬಿಡದೆ ಬಚ್ಚಿಡುತ್ತದೆ. ಉಣ್ಣೆಯ ಜಿಡ್ಡಾದ ಲ್ಯಾನೊಲಿನ್‌ನಿಂದ ಮಾಡಿದ ದ್ರವ ಒಣಗುವುದಿಲ್ಲ, ಸಂದುಗಳಿಗೆ ತಾನೇ ಹರಿಯುತ್ತದೆ. ಚಾಸಿಯ ಟೊಳ್ಳಿನೊಳಗೆ ಉದ್ದ ನಳಿಕೆ ತೂರಿಸಿ ಸಿಂಪಡಿಸಿದೆವು. ಬ್ರೇಕ್ ಡಿಸ್ಕ್, ಹೊಗೆಕೊಳವೆ, ರಬ್ಬರ್ ಬುಷ್‌ಗಳನ್ನು ಬಿಟ್ಟೆವು. ಗ್ಯಾರೇಜಿನ ತುಂಬ ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ. ಅಮೆರಿಕದ ಮೆಕ್ಯಾನಿಕ್ ಮೂಗು ಮುಚ್ಚಿಕೊಂಡ, ನನಗೆ ಚಿತ್ರದುರ್ಗದ ಸಂತೆ ನೆನಪಾಯಿತು. ಪ್ರತಿವರ್ಷ ಶರತ್ಕಾಲದಲ್ಲಿ ಮತ್ತೆ ಹೊಡೆಯಬೇಕು.

ಹಿಡಿಕೆಗಳಿಗಾಗಿ ಚಾಸಿಯನ್ನು ಕೊರೆಯುವಂತೆಯೂ ಇಲ್ಲ, ಬೆಸೆಯುವಂತೆಯೂ ಇಲ್ಲ. ಈ ಮಾದರಿಗೆಂದೇ ಮಾಡಿದ ತಗಡುಗಳು ಕಾರ್ಖಾನೆಯ ತೂತುಗಳಿಗೇ ಕೂರುತ್ತವೆ. ಬಂಪರಿನ ಕೆಳಗಿನ ಪ್ಲಾಸ್ಟಿಕ್ ಗಾಳಿತಡೆಯನ್ನು ತೆಗೆದೆವು. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಬಿಗಿಯಲ್ಲಿ ಹಿಡಿಸಿ, ಎರಡೂ ಬದಿಯ ತಗಡುಗಳು ನೆಲದಿಂದ ಒಂದೇ ಎತ್ತರದಲ್ಲಿ ಇವೆಯೇ ಎಂದು ಅಳೆದು, ಆಮೇಲೆ ಕೈಪಿಡಿಯ ಕೋಷ್ಟಕ ನೋಡಿಕೊಂಡು ಟಾರ್ಕ್ ಪಾನಾದಿಂದ ಬಿಗಿದೆವು. ಪ್ರತಿ ಬೋಲ್ಟಿನ ತಲೆಗೂ ಬಣ್ಣದ ಗೆರೆ ಎಳೆದೆ. ಸಡಿಲಾದರೆ ಗೆರೆ ಮುರಿಯುತ್ತದೆ, ಟಾರ್ಚ್ ಬೆಳಕಿನಲ್ಲಿ ಬಗ್ಗಿ ನೋಡಿದರೂ ತಿಳಿಯುತ್ತದೆ.

ಕೆಲಸದ ಬಹುಪಾಲು ಹೊತ್ತು ತಿಂದದ್ದು ವೈರಿಂಗ್. ಬ್ಲೇಡ್ ಎತ್ತಿ ಇಳಿಸುವ, ರೆಕ್ಕೆ ಆಡಿಸುವ ಹೈಡ್ರಾಲಿಕ್ ಪಂಪು ವಿದ್ಯುತ್ ಮೋಟರಿನದು. ಬ್ಲೇಡ್ ಎತ್ತುವ ಗಳಿಗೆಯಲ್ಲಿ ಅದು 200 ಆಂಪಿಯರಿನಷ್ಟು ಎಳೆಯಬಲ್ಲದು. ಹೆಬ್ಬೆರಳು ದಪ್ಪದ ಕೇಬಲ್ಲುಗಳು ಬ್ಯಾಟರಿಯಿಂದ ಗ್ರಿಲ್ ತನಕ ಬರುತ್ತವೆ. ಹೊಸ ವಾಹನಗಳಲ್ಲಿ ಹೆಡ್‌ಲೈಟ್ ತಂತಿಯನ್ನು ಕತ್ತರಿಸಿ ಕೂಡಿಸುವ ಹಳೆಯ ಪದ್ಧತಿ ನಡೆಯುವುದಿಲ್ಲ. ಪ್ರತಿ ದೀಪದ ಕರೆಂಟನ್ನೂ ವಾಹನದ ಗಣಕ ಅಳೆಯುತ್ತಿರುತ್ತದೆ, ಲೆಕ್ಕ ತಪ್ಪಿದರೆ ದೀಪವನ್ನೇ ಆರಿಸುತ್ತದೆ. ಅದಕ್ಕಾಗಿ ನಡುವೆ ಒಂದು ಪೆಟ್ಟಿಗೆ ಬರುತ್ತದೆ. ಪ್ಲೌ ಪ್ಲಗ್ ಸಿಕ್ಕಿಸಿದೊಡನೆ ವಾಹನದ ಹೆಡ್‌ಲೈಟ್ ಆರಿ, ಬ್ಲೇಡಿನ ಮೇಲೆ ಎತ್ತರದಲ್ಲಿ ಕೂತ ದೀಪಗಳು ಹೊತ್ತುತ್ತವೆ. ಹ್ಯಾಲೊಜನ್ ದೀಪಕ್ಕೆ ಒಂದು ಕಿಟ್, ಎಲ್‌ಇಡಿಗೆ ಇನ್ನೊಂದು, ಕೊಳ್ಳುವಾಗಲೇ ಹೇಳಬೇಕು. ಪ್ಲಗ್‌ಗಳ ಒಳಗೆಲ್ಲ ವಿದ್ಯುತ್ ನಿರೋಧಕ ಗ್ರೀಸ್ ಮೆತ್ತಿದೆ. ಪ್ಲೌ ಕೆಟ್ಟಿತೆಂದು ಜನ ದೂರುವ ರಾತ್ರಿಗಳಲ್ಲಿ ಹೆಚ್ಚಿನವು ಹಸಿರು ಕಟ್ಟಿದ ಪ್ಲಗ್ಗಿನ ರಾತ್ರಿಗಳು.

ಎಣ್ಣೆ ತುಂಬಿ, ಎತ್ತುವ ಸಿಲಿಂಡರನ್ನೂ ಎರಡು ರೆಕ್ಕೆಗಳ ಸಿಲಿಂಡರುಗಳನ್ನೂ ತುದಿಯಿಂದ ತುದಿಗೆ ಆಡಿಸಿ ಒಳಗಿನ ಗಾಳಿ ಹೊರಹಾಕಿದೆವು. ಪಂಪಿನ ಸದ್ದು ಗೊರಗೊರ ಬಿಟ್ಟು ಒಂದೇ ಸಮನಾದಾಗ ಗಾಳಿ ಹೋಯಿತೆಂದು ಅರ್ಥ. ಪಂಪು ಓಡುತ್ತಿರುವಾಗ ಬ್ಯಾಟರಿಯ ತುದಿಯಿಂದ ಮೋಟರಿನ ತುದಿಯ ತನಕ ವೋಲ್ಟೇಜ್ ಎಷ್ಟು ಬೀಳುತ್ತದೆಂದು ಮಲ್ಟಿಮೀಟರ್ ಹಿಡಿದು ನೋಡಿ ಬರೆದಿಟ್ಟೆ. ಮುಂದಿನ ವರ್ಷ ಇದೇ ಅಳತೆ ಹೆಚ್ಚಿದ್ದರೆ ಯಾವ ಕೇಬಲ್ ಸೊರಗುತ್ತಿದೆಯೆಂದು ಹುಡುಕಲು ಇದೇ ಆಧಾರ.

ಅಕ್ಟೋಬರ್ ಕೊನೆ: ತೂಕ

ಲೆಕ್ಕ ಸರಿಯೇ ಎಂದು ತಿಳಿಯಲು ಹೆದ್ದಾರಿಯ ಲಾರಿ ನಿಲ್ದಾಣದ ತೂಕದ ಸೇತುವೆಗೆ ಹೋದೆವು. ಅಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಬೇರೆ ಬೇರೆ ಹಲಗೆ. ಚೀಟಿಯಲ್ಲಿ ಪ್ರತ್ಯೇಕ ಸಂಖ್ಯೆ ಬರುತ್ತದೆ. ಜೋಡಣೆಗೆ ಮುಂಚೆಯೇ ಖಾಲಿ ಪಿಕಪ್ ತೂಗಿಸಿಟ್ಟಿದ್ದೆವು: ಮುಂದೆ 3,780 ಪೌಂಡು, ಹಿಂದೆ 2,660. ಈಗ ಹಿಡಿಕೆ, ಬ್ಲೇಡ್ ಸೇರಿ, ಬ್ಲೇಡ್ ಎತ್ತಿದ ಸ್ಥಿತಿಯಲ್ಲಿ: ಮುಂದೆ 5,180, ಹಿಂದೆ 2,320. ಸೇರಿಸಿದ್ದು 1,060 ಪೌಂಡು, ಮುಂದಿನ ಆಕ್ಸಲ್‌ಗೆ ಏರಿದ್ದು 1,400. ಕಾಗದದ ಮೇಲಿನ ಸನ್ನೆಗೋಲು ಸುಳ್ಳು ಹೇಳಿರಲಿಲ್ಲ.

ಇನ್ನು ಹಿಂದಿನ ತೂಕ. ಇಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ 60 ಪೌಂಡಿನ ಉದ್ದನೆಯ ಮರಳು ಚೀಲಗಳು ಸಿಗುತ್ತವೆ. ಹತ್ತು ಚೀಲಗಳನ್ನು ತೊಟ್ಟಿಯ ಬಾಗಿಲಿಗೆ ಒತ್ತಿ, ಹಿಂದಿನ ಆಕ್ಸಲ್‌ನಿಂದ ಆಚೆಗೆ ಹೇರಿದೆವು. ಆಕ್ಸಲ್‌ನ ಮೇಲೇ ಹೇರಿದರೆ ಹಿಂದಿನ ಚಕ್ರಕ್ಕೆ ಹಿಡಿತ ಬರುತ್ತದೆ, ಮುಂದಿನ ಭಾರ ಇಳಿಯುವುದಿಲ್ಲ; ಆಚೆಗೆ ಹೇರಿದರೆ ಮುಂದಿನದನ್ನು ಎತ್ತಿಕೊಡುತ್ತದೆ. ಮರದ ದಿಮ್ಮಿಯ ಚೌಕಟ್ಟು ಮಾಡಿ ಚೀಲಗಳು ಮುಂದೆ ಜಾರದಂತೆ ಕಟ್ಟಿದೆವು. ಬ್ಲೇಡ್ ಕಲ್ಲಿಗೆ ತಾಗಿ ವಾಹನ ಗಕ್ಕನೆ ನಿಂತಾಗ ಕಟ್ಟದ ಚೀಲಗಳು ಚಾಲಕನ ಬೆನ್ನ ಹಿಂದಿನ ಗಾಜಿಗೆ ಬರುತ್ತವೆ. ಮತ್ತೆ ತೂಗಿದಾಗ ಮುಂದೆ 5,020, ಹಿಂದೆ 3,080. ಸ್ಟಿಕ್ಕರಿನ ಮಿತಿಗೆ ಇನ್ನೂ ಕೆಲವು ನೂರು ಪೌಂಡು ಬಾಕಿ. ಡೀಸೆಲ್ ಆಗಿದ್ದರೆ ಆ ಬಾಕಿಯ ಬಹುಪಾಲು ಎಂಜಿನ್ನೇ ನುಂಗಿರುತ್ತಿತ್ತು. ಭಾವ ಚೀಟಿಯನ್ನು ಮಡಚಿ ಕೈಪಿಡಿಯೊಳಗೆ ಇಟ್ಟುಕೊಂಡರು, ಏನೂ ಹೇಳಲಿಲ್ಲ.

ನವೆಂಬರ್

ನೆಲ ಹೆಪ್ಪುಗಟ್ಟುವ ಮುನ್ನ ಗಿರಾಕಿಗಳ ಜಾಗಕ್ಕೆಲ್ಲ ಹೋಗಿ ಚರಂಡಿ ಕಲ್ಲು, ನೀರಿನ ಕೊಳಾಯಿ, ತಗ್ಗು, ಹೂವಿನ ಪಾತಿಯ ಅಂಚುಗಳಿಗೆ ಫೈಬರ್ ಕಡ್ಡಿ ನೆಟ್ಟು ಬಂದೆವು. ಹಿಮ ಬಿದ್ದ ಮೇಲೆ ಎಲ್ಲವೂ ಒಂದೇ ಬಿಳುಪು. ಹಿಮವನ್ನು ಎಲ್ಲಿ ಗುಡ್ಡೆ ಹಾಕುವುದೆಂದು ಮಾಲೀಕರ ಜೊತೆ ಈಗಲೇ ಮಾತಾಗಬೇಕು. ಸಾರ್ವಜನಿಕ ರಸ್ತೆಗೆ ತಳ್ಳುವಂತಿಲ್ಲ, ಎದುರು ಬದಿಗೆ ದಾಟಿಸುವಂತಿಲ್ಲ. ಡಿಸೆಂಬರಿನಲ್ಲಿ ಗುಡ್ಡೆಯನ್ನು ಹತ್ತಿರ ಹಾಕಿದವನಿಗೆ ಫೆಬ್ರುವರಿಯಲ್ಲಿ ಜಾಗ ಸಿಗುವುದಿಲ್ಲ.

ವಿಮೆ ಇನ್ನೊಂದು ಕಗ್ಗ. ಸ್ವಂತ ವಾಹನದ ಸಾಮಾನ್ಯ ಪಾಲಿಸಿ ಕೂಲಿಗೆ ಹಿಮ ತಳ್ಳುವುದನ್ನು ಒಪ್ಪುವುದಿಲ್ಲ. ವಾಣಿಜ್ಯ ವಾಹನ ವಿಮೆ ಒಂದು, ಯಾರಾದರೂ ಜಾರಿ ಬಿದ್ದರೆ ಎಂಬ ಹೊಣೆಗಾರಿಕೆ ವಿಮೆ ಇನ್ನೊಂದು. ಎರಡನೆಯದರಲ್ಲಿ ಹಿಮದ ಕೆಲಸವನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟ ಪಾಲಿಸಿಗಳೂ ಇವೆ, ಆದ್ದರಿಂದ ಓದಿ ಸಹಿ ಮಾಡಿ. ಯಾವ ರಾತ್ರಿ ಎಷ್ಟು ಹೊತ್ತಿಗೆ ಬಂದೆವು, ಎಷ್ಟು ಇಂಚು ಇತ್ತು, ಉಪ್ಪು ಹಾಕಿದೆವೇ ಎಂಬುದನ್ನು ಭಾವ ಫೋಟೊ ಸಮೇತ ಬರೆದಿಡುತ್ತಾರೆ.

ಮೊದಲ ದೊಡ್ಡ ಹಿಮ

ಸರೋವರದ ಪಟ್ಟಿಯೊಂದು ಸಂಜೆ ಊರಿನ ಉತ್ತರಕ್ಕೆ ಬಂದು ಅಲ್ಲೇ ಕೂತಿತು. ಬೆಳಗಿನ ಜಾವದ ಹೊತ್ತಿಗೆ ದಂತವೈದ್ಯರ ಅಂಗಳದಲ್ಲಿ ಬಂಪರಿನ ಮಟ್ಟಕ್ಕೆ ಹಿಮ. ಭಾವ ವಿ ಮಾಡಿ ನಡುವೆ ಒಂದು ಹಾದಿ ಸೀಳಿದರು, ಆಮೇಲೆ ರೆಕ್ಕೆ ಮುಂದಕ್ಕೆ ಬಾಗಿಸಿ ಬದಿಗಳನ್ನು ತುಂಬಿಕೊಂಡು ಹೋದರು. ಹಿಂದಿನ ಲಾಕ್ ಹಾಕುವ ಅಗತ್ಯವೇ ಬರಲಿಲ್ಲ. ಮರಳು ಅದರ ಕೆಲಸ ಮಾಡಿತ್ತು. ಗೋಡೆಯ ಹತ್ತಿರದ ಹಿಮಕ್ಕೆ ಬ್ಲೇಡ್ ಇಳಿಸಿ ಹಿಂದಕ್ಕೆ ಎಳೆಯಬೇಕು. ಅದರಲ್ಲಿ ವಿ ಬ್ಲೇಡ್ ನೇರ ಬ್ಲೇಡಿನಷ್ಟು ಸ್ವಚ್ಛವಾಗಿ ಎಳೆಯುವುದಿಲ್ಲ, ನಡುವಿನ ಕೀಲಿನ ಕೆಳಗೆ ಒಂದು ಗೆರೆ ಬಿಡುತ್ತದೆ. ಅಲ್ಲಿಗೆ ಸಲಿಕೆಯೇ ಗತಿ.

ಒಂದು ವಿಷಯ ಗಮನಕ್ಕೆ ಬಂದದ್ದು ಜಾಗದಿಂದ ಜಾಗಕ್ಕೆ ಹೋಗುವ ಹಾದಿಯಲ್ಲಿ. ಬ್ಲೇಡನ್ನು ಪೂರ್ತಿ ಎತ್ತಿ ನೇರವಾಗಿ ಹಿಡಿದು 40 ಮೈಲಿ ವೇಗದಲ್ಲಿ ಹೋಗುವಾಗ ಗೇರ್‌ಬಾಕ್ಸಿನ ಬಿಸಿಯ ಮುಳ್ಳು ನಿಧಾನವಾಗಿ ಏರತೊಡಗಿತು. ಮೂರಡಿ ಎತ್ತರದ ಉಕ್ಕಿನ ಗೋಡೆ ರೇಡಿಯೇಟರಿಗೆ ಬರುವ ಗಾಳಿಯನ್ನು ತಡೆದಿತ್ತು, ಗ್ರಿಲ್ಲಿಗೂ ಹಿಮ ಮೆತ್ತಿಕೊಂಡಿತ್ತು. ಬ್ಲೇಡನ್ನು ಸ್ವಲ್ಪ ಇಳಿಸಿ, ಒಂದು ಬದಿಗೆ ಓರೆ ಮಾಡಿ, ಗ್ರಿಲ್ ಬಡಿದು ಸ್ವಚ್ಛ ಮಾಡಿದ ಮೇಲೆ ಮುಳ್ಳು ಇಳಿಯಿತು. ಕೈಪಿಡಿಯೂ ಅದನ್ನೇ ಹೇಳುತ್ತದೆ. ಬ್ಲೇಡ್ ಹೊತ್ತು 45 ಮೈಲಿ ಮೀರಬೇಡಿ ಎಂದೂ ಹೇಳುತ್ತದೆ. ಮನೆಗೆ ಬಂದ ಮೇಲೆ ಟಾರ್ಚ್ ಹಿಡಿದು ಬೋಲ್ಟಿನ ಗೆರೆಗಳನ್ನು ನೋಡಿದೆ. ಎಡ ಬದಿಯ ಎರಡು ಗೆರೆ ಕೂದಲೆಳೆಯಷ್ಟು ಸರಿದಿದ್ದವು. ಹೊಸ ತಗಡುಗಳು ಮೊದಲ ಹೊಡೆತಗಳಿಗೆ ಕೂತುಕೊಳ್ಳುವುದು ಸಹಜ, ಮತ್ತೆ ಬಿಗಿದು ಹೊಸ ಗೆರೆ ಎಳೆದೆ.

ಬಾಕಿ ಇರುವ ಕೆಲಸ: ತೊಟ್ಟಿಯ ಹಿಂಬಾಗಿಲಿಗೆ ಒಂದು ಸಣ್ಣ ಉಪ್ಪು ಚೆಲ್ಲುವ ಯಂತ್ರ. ಅದು ಬಂದರೆ ಒಂದಷ್ಟು ಮರಳು ಇಳಿಸಬೇಕಾಗುತ್ತದೆ, ಉಪ್ಪು ಖಾಲಿಯಾಗುತ್ತಾ ಹೋದಂತೆ ಹಿಂದಿನ ತೂಕವೂ ಕರಗುತ್ತಾ ಹೋಗುತ್ತದೆ. ಆದ್ದರಿಂದ ಖಾಲಿ ಯಂತ್ರದ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿದು ಚೀಲಗಳನ್ನು ಉಳಿಸಿಕೊಳ್ಳಬೇಕೆಂದು ಇದ್ದೇನೆ. ಕಲ್ಲುಪ್ಪು ಮೈನಸ್ 9 ಡಿಗ್ರಿಯ ಕೆಳಗೆ ಸೋಮಾರಿಯಾಗುವುದರಿಂದ ಜನವರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇರೆಯೇ ತರಬೇಕು. ಏಪ್ರಿಲ್‌ನಲ್ಲಿ ಬ್ಲೇಡ್ ಕಳಚುವಾಗ ಸಿಲಿಂಡರುಗಳ ಹೊಳೆಯುವ ದಂಡಗಳನ್ನು ಆದಷ್ಟು ಒಳಸೇರಿಸಿ, ಹೊರಗುಳಿದ ಭಾಗಕ್ಕೆ ಗ್ರೀಸ್ ಬಳಿದು, ಹೈಡ್ರಾಲಿಕ್ ಎಣ್ಣೆ ಬದಲಾಯಿಸುವುದು. ಕೆಳಗಿನ ಉಕ್ಕಿನ ಅಂಚು ಅಷ್ಟರಲ್ಲಿ ಎಷ್ಟು ಸವೆದಿರುತ್ತದೋ ನೋಡಬೇಕು. ಅಂಗಡಿಯವರು ಈಗಲೇ ಒಂದು ಜೊತೆ ತೆಗೆದಿಡಿ, ಫೆಬ್ರುವರಿಯಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದಾರೆ.